ಮೆನುವಿನಲ್ಲಿಲ್ಲದ ಪತ್ರೊಡೆ

ನನ್ನ ಮಗಳಿಗೆ ಐದು ವರ್ಷ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಕುರ್ಚಿ ಕಂಡರೆ ಹತ್ತುತ್ತಾಳೆ, ತೆರೆದ ಗೇಟು ಕಂಡರೆ ಓಡುತ್ತಾಳೆ, ಊಟದ ತಟ್ಟೆ ಕಂಡರೆ ಮಾತ್ರ ಕಾಣೆಯಾಗುತ್ತಾಳೆ. ಈ ವರ್ಷ ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಮಿಸ್ ನನ್ನನ್ನು ಕರೆಸಿದರು. ವರ್ಷದ ಕೊನೆಯೊಳಗೆ ಇವಳು ಒಂದು ಕಡೆ ಕೂತು ಕೆಲಸ ಮಾಡುವಂತಾಗದಿದ್ದರೆ ಒಂದನೇ ಕ್ಲಾಸಿಗೆ ಕಳಿಸುವುದು ಕಷ್ಟ, ಬೇರೆ ಶಾಲೆ ನೋಡಿಕೊಳ್ಳಬೇಕಾಗಬಹುದು ಎಂದರು. ಬಹಳ ನಯವಾಗಿ ಹೇಳಿದರು. ನಯವಾಗಿ ಹೇಳಿದ್ದಕ್ಕೇ ಅದು ನನಗೆ ಇನ್ನಷ್ಟು ಚುಚ್ಚಿತು.

ನಮ್ಮೂರಿನ ಇನ್ನೊಂದು ತುದಿಯ ಪೋರೂರಿನಲ್ಲಿ ಇಂಥ ಮಕ್ಕಳನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಗಂಡನನ್ನೂ ಕರೆದುಕೊಂಡು ಹೋದೆ. ಸಿಹಿ ತಿಂದದ್ದರಿಂದಲೇ ಮಗು ಹೀಗಾಯಿತು ಅಂದುಕೊಳ್ಳಬೇಡಿ ಎಂದು ಅವರು ಮೊದಲೇ ಹೇಳಿದರು. ಆದರೆ ಹೊತ್ತಿಗೆ ಸರಿಯಾಗಿ ಊಟ ಬೇಕು, ನಿದ್ದೆ ಬೇಕು. ಸಂಜೆ ಕಂಡಕಂಡದ್ದು ಕೊಟ್ಟು ಹೊಟ್ಟೆ ತುಂಬಿಸಬಾರದು. ಮಗು ಫೋನು ನೋಡುವುದನ್ನು ಕೆಲವು ತಿಂಗಳು ಪೂರ್ತಿ ನಿಲ್ಲಿಸಿ ನೋಡೋಣ. ಎಲ್ಲಕ್ಕಿಂತ ಮುಖ್ಯ, ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ಈ ಕೊನೆಯ ಮಾತಿಗೆ ನನ್ನ ಗಂಡ ನನಗಿಂತ ಜೋರಾಗಿ ತಲೆಯಾಡಿಸಿದ.

ಗಂಡನ ಮನೆಯವರು ಕುಂದಾಪುರದ ಕಡೆಯಿಂದ ಈ ತಮಿಳು ಊರಿಗೆ ಬಂದು ನೆಲೆಸಿದವರು. ಪುರಸೈವಾಕ್ಕಂನ ಜವಳಿ ಅಂಗಡಿಗಳ ನಡುವೆ ಅವರದೊಂದು ಹೋಟೆಲಿದೆ. ಮನೆ ಅದರ ಹಿಂದಿನ ಬೀದಿಯಲ್ಲಿ. ನಾನು ರೈಲ್ವೆ ನೌಕರನ ಮಗಳು, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಆಫೀಸಿನಿಂದ ಬರುವ ತನಕ ಮಗಳು ಗಲ್ಲಾದ ಹಿಂದೆ ಮಾವನವರ ಪಕ್ಕ ಕೂರುವುದು ಮೊದಲಿನಿಂದ ಬಂದ ಪದ್ಧತಿ. ಆ ಹೊತ್ತಿಗೆಂದು ನಾನು ಬಣ್ಣದ ಪೆನ್ಸಿಲ್ಲು, ಚಿತ್ರದ ಪುಸ್ತಕ, ಹುರಿಗಡಲೆ, ಹೆಚ್ಚಿದ ಸೌತೆಕಾಯಿ ಎಲ್ಲ ಕಟ್ಟಿ ಕೊಟ್ಟು, ಫೋನು, ಸಿಹಿ ಎರಡೂ ಬೇಡ ಎಂದು ಹೇಳಿದೆ. ಮಾವನವರು ಡಬ್ಬಿ ತೆರೆದು ನೋಡಿ, "ಇದೆಂತ, ಮೊಲಕ್ಕಾ?" ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಪವಾಡವೇ ನಡೆಯಿತು. ಸಂಜೆ ಹೋಟೆಲಿನ ಮೆಟ್ಟಿಲು ಹತ್ತಿ ನೋಡಿದರೆ ಮಗಳು ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿ ಬಣ್ಣ ಹಚ್ಚುತ್ತಿದ್ದಳು. ಒಂದು ದಿನವಲ್ಲ, ದಿನಾ. ಸುತ್ತ ಗಿರಾಕಿಗಳ ಗಲಾಟೆ, ಒಳಗೆ ಪಾತ್ರೆಗಳ ಸದ್ದು, ಸಪ್ಲೈಯರ್ ಅಡುಗೆಮನೆಯ ಕಡೆಗೆ "ಒಂದ್ ಪತ್ರೊಡೇ..." ಎಂದು ಕೂಗುವ ರಾಗ, ಇದರ ಮಧ್ಯೆ ಅವಳೊಬ್ಬಳು ತಣ್ಣಗೆ ಕೂತಿದ್ದಾಳೆ! ನನಗೆ ಕಣ್ಣು ತುಂಬಿ ಬರುತ್ತಿತ್ತು. ಶಾಲೆಯ ಮಿಸ್ಸಿಗೂ ಡಾಕ್ಟರಮ್ಮನಿಗೂ ಹೆಮ್ಮೆಯಿಂದ ಹೇಳಿಕೊಂಡೆ.

ಆದರೆ ಮನೆಗೆ ಬಂದರೆ ಮಾರಿ ಮೈಮೇಲೆ ಬಂದಂತಾಗುತ್ತಿತ್ತು. ಊಟ ಬೇಡ, ನಿದ್ದೆ ಬೇಡ, ಕಿರುಚಾಟ, ಕಚ್ಚುವುದು. ನಾನು ಇನ್ನಷ್ಟು ಬಿಗಿ ಮಾಡಿದೆ. ಟೀವಿಯ ವೈರು ಕಿತ್ತು ಬೀರುವಿನಲ್ಲಿಟ್ಟೆ. ಮನೆಗೆ ಬಂದ ಕೂಡಲೇ ನನ್ನ ಫೋನನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಡುತ್ತಿದ್ದೆ. ಅವಳ ಎದುರು ತಿನ್ನಬಾರದೆಂದು ನಾನೂ ಒಂದು ಚೂರು ಸಿಹಿ ಬಾಯಿಗೆ ಹಾಕಲಿಲ್ಲ. ಅತ್ತೆ ಮಾತ್ರ ಸೊಪ್ಪು ಬಿಡಿಸುತ್ತ, "ಅಜ್ಜನ್ ಹತ್ರ ಇಪ್ಪಾಗ ಎಷ್ಟ್ ಚಂದ ಇರತ್ತ್ ಹೆಣ್ಣ್. ತಾಯಿ ಕಂಡ್ರೆ ಹಠ" ಎನ್ನುತ್ತಿದ್ದರು.

ಪೋರೂರಿಗೆ ಮತ್ತೊಮ್ಮೆ ಹೋದಾಗ ಡಾಕ್ಟರಮ್ಮನೂ ಅದನ್ನೇ ಕೇಳಿದರು. ಸಂಜೆ ಅಷ್ಟು ಶಾಂತವಾಗಿರುವ ಮಗು ರಾತ್ರಿ ಹೀಗಾಗುತ್ತದೆಂದರೆ ಮನೆಯಲ್ಲಿ ಏನು ನಡೆಯುತ್ತಿದೆ? ನೀವು ಬಂದ ಕೂಡಲೇ ಅವಳ ಜೊತೆ ಹೇಗೆ ಮಾತಾಡುತ್ತೀರಿ? ನನ್ನ ದನಿಯಲ್ಲೇ ದೋಷವಿದೆಯೇನೋ, ನನ್ನ ಕೈಯಡುಗೆಯಲ್ಲೇ ಏನೋ ಇದೆಯೇನೋ ಎಂದು ಅಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಗಂಡ ನನಗೆ ಕರ್ಚೀಫು ಕೊಟ್ಟ.

ಒಂದು ಭಾನುವಾರ ಬೆಳಿಗ್ಗೆ ಒಣಗಿದ ಬಟ್ಟೆಯ ರಾಶಿ ಹೊತ್ತು ಹಾಲಿಗೆ ಬಂದೆ. ಮಗಳು ಪ್ಲಾಸ್ಟಿಕ್ ತಟ್ಟೆ ಹರಡಿಕೊಂಡು ಗೊಂಬೆಗಳಿಗೆ ಹೋಟೆಲ್ ಆಟ ಆಡಿಸುತ್ತಿದ್ದಳು. ಅಜ್ಜನೆಂಬ ಗೊಂಬೆ ದಿಂಬಿಗೆ ಒರಗಿ ಗಲ್ಲಾದಲ್ಲಿ ಕೂತಿತ್ತು, ಅದರ ಪಕ್ಕ ಒಂದು ಪುಟ್ಟ ಗೊಂಬೆ. ನನ್ನ ಕಾಲು ಹೊಸ್ತಿಲು ದಾಟಿದ್ದೇ ತಡ, "ಒಂದ್ ಪತ್ರೊಡೇ..." ಎಂದು ಸಪ್ಲೈಯರಿನ ರಾಗದಲ್ಲೇ ಕೂಗಿದಳು. ಕೂಗಿ, ಪುಟ್ಟ ಗೊಂಬೆಯ ಮುಂದಿದ್ದ ಬೆಂಕಿಪೊಟ್ಟಣವನ್ನು ಸರಕ್ಕನೆ ಫ್ರಾಕಿನೊಳಗೆ ತುರುಕಿ, ಅದರ ಕೈಗೆ ಪೆನ್ಸಿಲ್ಲು ಕೊಟ್ಟಳು. ಪೇಪರ್ ಓದುತ್ತಿದ್ದ ಗಂಡ ಗೊಳ್ಳನೆ ನಕ್ಕ. ನಕ್ಕವನು ಅರ್ಧಕ್ಕೇ ನಿಲ್ಲಿಸಿದ.

ಆ ಅರ್ಧ ನಗೆ ಸಾಕಾಯಿತು. ಬಟ್ಟೆ ಕೆಳಗಿಟ್ಟು ಯೋಚಿಸಿದೆ. ಪತ್ರೊಡೆ ನಮ್ಮ ಹೋಟೆಲಿನ ಬೋರ್ಡಿನಲ್ಲಿ ಯಾವತ್ತೂ ಇದ್ದದ್ದಿಲ್ಲ. ಕೆಸುವಿನ ಎಲೆಗೆ ಹಿಟ್ಟು ಬಳಿದು, ಸುತ್ತಿ, ಬೇಯಿಸುವ ಆ ತಿಂಡಿಯನ್ನು ಮನೆಯಲ್ಲಿ ಅಪರೂಪಕ್ಕೆ ಅತ್ತೆ ಮಾಡುತ್ತಾರೆ. ಹಾಗಿದ್ದ ಮೇಲೆ ದಿನಾ ಸಂಜೆ, ಸರಿಯಾಗಿ ನಾನು ಮೆಟ್ಟಿಲು ಹತ್ತುವಾಗಲೇ, ಅದನ್ನು ಕೇಳುತ್ತಿದ್ದ ಗಿರಾಕಿ ಯಾರು?

ಗಂಡನನ್ನು ಕೇಳಿದೆ. ಹೇಳಿದ. ಹಿಂದೆಲ್ಲ ತಪಾಸಣೆಯವರು ಬಾಗಿಲಲ್ಲಿ ಕಂಡರೆ ಒಳಗಿನವರಿಗೆ ತಿಳಿಯಲೆಂದು ಇಲ್ಲದ ತಿಂಡಿಯನ್ನು ಕೂಗುವ ವಾಡಿಕೆಯಿತ್ತಂತೆ. ಈಗ ಅದು ನನಗೆ. ಕೂಗು ಬಿದ್ದ ಕೂಡಲೇ ಮಾವನವರ ಫೋನು ಡ್ರಾಯರಿಗೆ, ಕೇಸರಿಬಾತಿನ ತಟ್ಟೆ ಮೇಜಿನಡಿಗೆ, ಪೆನ್ಸಿಲ್ಲು ಮಗಳ ಕೈಗೆ.

"ನಿಂಗೆ ಮೊದ್ಲಿಂದ್ಲೂ ಗೊತ್ತಿತ್ತಾ?"

"ಅಪ್ಪಯ್ಯನಿಗೆ ಯಾರ್ ಹೇಳೂದು ಮಾರಾಯ್ತಿ? ರಶ್ ಟೈಮಲ್ಲಿ ಅದನ್ನ್ ಸುಮ್ನೆ ಕೂರ್ಸ್ಬೇಕಲ್ದಾ? ಸಣ್ಣ ವಿಷಯ, ದೊಡ್ಡದ್ ಮಾಡ್ಬೇಡ."

"ಪೋರೂರಲ್ಲಿ ನಾನು ಅಳ್ತಿದ್ನಲ್ಲ, ಆಗ್ಲೂ ಗೊತ್ತಿತ್ತಾ?"

ಅವನು ಪೇಪರ್ ಮಡಿಸಿದ.

ಫೋನಿನ ವಿಷಯಕ್ಕೆ ನನಗೆ ಅಷ್ಟು ಸಿಟ್ಟಿರಲಿಲ್ಲ. ಗಲ್ಲಾದಲ್ಲಿ ಕೂತ ವಯಸ್ಸಾದವರಿಗೆ ಈ ಹುಡುಗಿಯನ್ನು ಹಿಡಿದಿಡುವುದು ಸುಲಭವಲ್ಲ, ನನಗೆ ಗೊತ್ತಿಲ್ಲವೇ? ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಬೇರೆ ದಾರಿ ನೋಡುತ್ತಿದ್ದೆ. ಎಲ್ಲರೂ ಸೇರಿ ನನ್ನ ಕಿವಿಗೆ ಹೂವಿಟ್ಟರು. ಮಗುವಿನ ರಂಪಕ್ಕೆ ನಾನೇ ಕಾರಣವೆಂದು ನಾನು ನಂಬುವ ತನಕ ಸುಮ್ಮನಿದ್ದರು. ಒಂದು ಗಳಿಗೆ ಕೂರಲಾರದ ನನ್ನ ಮಗುವಿಗೆ, ತಿಂಗಳುಗಟ್ಟಲೆ ಅಮ್ಮನಿಂದ ಗುಟ್ಟು ಕಾಯುವುದನ್ನು ಮಾತ್ರ ಚೆನ್ನಾಗಿ ಕಲಿಸಿದ್ದರು.

ಸೋಮವಾರ ಮೆಟ್ಟಿಲು ಹತ್ತಿದೆ. ಕೂಗು ಬಿತ್ತು. ನಾನು ಗಲ್ಲಾದ ಎದುರಿನ ಮೇಜಿಗೇ ಹೋಗಿ ಕೂತು ಸಪ್ಲೈಯರನ್ನು ಕರೆದೆ.

"ಆ ಪತ್ರೊಡೆ ನನಗೇ ತನ್ನಿ. ಕಾಯ್ತೀನಿ."

ಅವನು ನೀರಿನ ಲೋಟ ಹಿಡಿದು ಅಲ್ಲೇ ನಿಂತ. ಮಾವನವರು ಚಿಲ್ಲರೆ ಎಣಿಸುತ್ತ, ತಲೆಯೆತ್ತದೆ, "ಇವತ್ತ್ ಖಾಲಿ ಆಯ್ತಲ್ಲ" ಎಂದರು. ಸಿಕ್ಕಿಬಿದ್ದ ಮೇಲೂ ಎಷ್ಟು ಸರಾಗವಾಗಿ ಬಂತು ಆ ಮಾತು! ಮಗಳು ಪೆನ್ಸಿಲ್ಲು ಹಿಡಿದು ಕೂತಿದ್ದಳು, ತುಟಿಯ ಮೇಲೆ ಕೇಸರಿ. ನನ್ನನ್ನು ನೋಡಿದಳು. ಏನು ಹೇಳಬೇಕೆಂದು ತಿಳಿಯಲು ಅಜ್ಜನ ಮುಖ ನೋಡಿದಳು. ನಾನು ಏನೂ ಕೂಗಾಡಲಿಲ್ಲ. ಅವಳ ಬ್ಯಾಗು ತೆಗೆದುಕೊಂಡು, ನಾಳೆಯಿಂದ ಮಗು ಇಲ್ಲಿಗೆ ಬರುವುದಿಲ್ಲ ಎಂದಷ್ಟೇ ಹೇಳಿದೆ.

ಸ್ಕೂಟರಿನಲ್ಲಿ ನಮ್ಮಮ್ಮನ ಮನೆಯ ಕಡೆಗೆ ಹೊರಟೆವು. ಸಂಜೆಗಳಲ್ಲಿ ಮಗುವನ್ನು ನೋಡಿಕೊಳ್ಳುತ್ತೀಯಾ ಎಂದು ಅಮ್ಮನನ್ನು ಕೇಳಬೇಕಿತ್ತು. ಶನಿವಾರ ಪೋರೂರಿಗೆ ಹೋಗಿ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳೆಂದು ಹೇಳಿ ಮೊದಲಿನಿಂದ ಶುರು ಮಾಡಬೇಕಿತ್ತು. ಶಾಲೆಯ ವರ್ಷ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಮುಂದೆ ನಿಂತಿದ್ದ ಮಗಳು ಅಪರೂಪಕ್ಕೆ ಅಲುಗಾಡದೆ ನಿಂತಿದ್ದಳು. ಸಿಗ್ನಲಿನಲ್ಲಿ ತಿರುಗಿ ನೋಡಿ, ತನ್ನ ಶಾಲೆಯ ತಮಿಳಿನಲ್ಲಿ, "ಯಾರಮ್ಮಾ ಸೊನ್ನಾ?" ಎಂದಳು. ಯಾರು ಹೇಳಿಬಿಟ್ಟದ್ದು ಎಂದು ಅವಳಿಗೆ ತಿಳಿಯಬೇಕಿತ್ತು. ನೀನೇ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

"ಅಪ್ಪಾವಾ?" ಎಂದು ಕೇಳಿದಳು.

"ಇಲ್ಲ ಕಂದಾ, ಅಪ್ಪ ಹೇಳಲಿಲ್ಲ" ಎಂದೆ.