ರಂಗಪ್ಪ ಮಾಸ್ತರ ಪೆಟ್ಟಿಗೆಗೆ ಗಾಳಿ

ಕೋವಿಡ್ ಕಳೆದ ಮೇಲಿನ ಮೊದಲ ಬೇಸಿಗೆ. ಪಂಚನಹಳ್ಳಿಯ ರಂಗಪ್ಪ ಮಾಸ್ತರ ಮನೆಯಲ್ಲಿ ನಾಲ್ವರಿದ್ದೆವು: ಊರೂರಲ್ಲಿ ನಾಟಕ ಕಲಿಸಿ ಹಾರ್ಮೋನಿಯಂ ನುಡಿಸುವ ಮಾಸ್ತರು, ಅವರ ಹೆಂಡತಿ ಗೌರಮ್ಮ, ನಾಟಕ ಸಂಘದ ತಿಮ್ಮೇಶ, ಕಡೂರಿನಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿದ್ದ ನಾನು. ಎದುರಿಗೆ ಮಾಸ್ತರ ಲೆಗ್ ಹಾರ್ಮೋನಿಯಂ. ಇದರ ಎರಡು ಪೆಡಲ್‌ಗಳನ್ನು ತುಳಿದರೆ ಒಳಗಿನ ತಿದಿಗೆ ಗಾಳಿ ತುಂಬುತ್ತದೆ. ನುಡಿಸಲು ಎರಡು ಕೈಯೂ ಬಿಡುವಾಗಿರುತ್ತವೆ.

ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಮಾಸ್ತರು ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಇನ್ನು ಪೆಡಲ್ ತುಳಿಯಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಇನ್ನು ಹದಿನೈದು ದಿನಕ್ಕೆ ಅಮೃತಾಪುರದಲ್ಲಿ ನಾಟಕ ಐತೆ," ಎಂದ ತಿಮ್ಮೇಶ. "ಆಗದಿದ್ರೆ ಹೇಳ್ಬಿಡಿ ಮಾಸ್ತರೆ, ಕೀಬೋರ್ಡ್‌ನೋರನ್ನ ಕರಸ್ತೀವಿ."

"ಕರಸ್ಕೊಳ್ಳಪ್ಪಾ. ಹಂಗೇ ನನಗೊಂದು ಚಟ್ಟಾನೂ ಕಟ್ಟಿಸ್ಬಿಡು."

ನಾನು ತರೀಕೆರೆಯಿಂದ ಸಣ್ಣ ಕರೆಂಟ್ ಬ್ಲೋವರ್ ತಂದು ತಿದಿಗೆ ಜೋಡಿಸಿದೆ. ಸ್ವರವೇನೋ ಬಂತು. ಆದರೆ ಪಾತ್ರ ಅಳುವಾಗಲೂ ಅದೇ ಗಾಳಿ, ಗದೆ ಎತ್ತುವಾಗಲೂ ಅದೇ ಗಾಳಿ. ಎರಡು ಸಾಲು ನುಡಿಸಿ ಮಾಸ್ತರು ಕೈ ತೆಗೆದರು.

"ಹಾಡಲ್ಲ ಕಣಯ್ಯಾ ಇದು, ಹಿಟ್ಟಿನ ಗಿರಣಿ."

ಆಗ ನನಗೆ ಮೈಸೂರಿನಲ್ಲಿ ಕೆಲಸ ಕಲಿಯುವಾಗ ಒಂದು ಚರ್ಚಿನಲ್ಲಿ ನೋಡಿದ್ದ ಪೈಪ್ ಆರ್ಗನ್ ನೆನಪಾಯಿತು. ಹಾರ್ಮೋನಿಯಂಗೆ ಅದು ದೊಡ್ಡಪ್ಪನಿದ್ದ ಹಾಗೆ. ಸೂರು ಮುಟ್ಟುವ ಕೊಳವೆಗಳಿಗೆ ಗಾಳಿ ನುಗ್ಗಿ ನುಡಿಯುತ್ತದೆ. ಮೋಟಾರು ಬರುವ ಮೊದಲು ಹಿಂದೆ ಮರೆಯಲ್ಲಿ ಒಬ್ಬಾತ ನಿಂತು ತಿದಿ ಒತ್ತುತ್ತಿದ್ದನಂತೆ. ಕೈ ತಾಗಿ ತಾಗಿ ನುಣುಪಾದ ಅವನ ಹಿಡಿಕೆ ಇನ್ನೂ ಅಲ್ಲೇ ಇತ್ತು. ನುಡಿಸಿದವರ ಹೆಸರು ಊರಿಗೆಲ್ಲ ಗೊತ್ತು, ಅವನನ್ನು ಕಂಡವರಿಲ್ಲ.

ನಾನೂ ಬ್ಲೋವರ್ ಬಿಚ್ಚಿ, ಪೆಡಲ್‌ಗಳಿಗೆ ಸಲಾಕೆ ಬಿಗಿದು, ಪಕ್ಕದಲ್ಲಿ ಕೂತವರು ಒತ್ತುವಂತೆ ಹಿಡಿಕೆ ಕೂಡಿಸಿದೆ. ಮೊದಲು ತಿಮ್ಮೇಶ ಒತ್ತಿದ. ಪೆಟ್ಟಿಗೆಗೆ ಬಿಕ್ಕಳಿಕೆ ಬಂದಂತಾಯಿತು.

"ಏಳೋ ಅತ್ಲಾಗೆ, ಅದೇನ್ ಸೈಕಲ್ ಟ್ಯೂಬಾ?" ಎನ್ನುತ್ತಾ ಗೌರಮ್ಮ ಕೂತರು.

ಪದ ಮೇಲೇರುವ ಒಂದು ಗಳಿಗೆ ಮುಂಚೆಯೇ ಅವರ ಕೈ ಬಿರುಸಾಗುತ್ತಿತ್ತು. ಮಾಸ್ತರು ಇಳಿಸುವಲ್ಲಿ ತಾನೂ ಸಡಿಲಾಗುತ್ತಿತ್ತು. ಮಾಸ್ತರು ನುಡಿಸುವುದನ್ನೇ ನಿಲ್ಲಿಸಿದರು.

"ಇದನ್ನ ಯಾವಾಗ ಕಲ್ತೆ ಕಣೇ?"

"ಕಲಿಯೋದೇನ್ ಬಂತು? ಮೂವತ್ತೊರ್ಷ ಇದೇ ಪದ ಕೇಳ್ಕೊಂಡು ಸಾರು ಕುದ್ಸಿದೀನಿ. ಸುಮ್ನೆ ನುಡಿಸ್ರಿ."

ಅಮೃತಾಪುರದಲ್ಲಿ ಗೌರಮ್ಮ ಮರೆಯಲ್ಲಿ ಕೂರಲಿಲ್ಲ, ಮಾಸ್ತರ ಪಕ್ಕದಲ್ಲೇ ಕೂತರು. ರಾಜನ ಪಾತ್ರದವನು ಚಪ್ಪಾಳೆಯಾಸೆಗೆ ಆಲಾಪ ಎಳೆಯುತ್ತಲೇ ಹೋದಾಗ ಗೌರಮ್ಮ ಕೈ ನಿಧಾನ ಮಾಡಿದರು. ಸ್ವರ ಸಣ್ಣಗಾಯಿತು, ರಾಜ ಬಾಯಿ ಮುಚ್ಚಲೇಬೇಕಾಯಿತು. "ಗಾಳಿ ಕಟ್ ಮಾಡಿದ್ರು ಕಣ್ರೋ!" ಎಂದು ಜನ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ನಾನು ಯಾರ ಮನೆಗೆ ರಿಪೇರಿಗೆ ಹೋದರೂ ಸ್ಕ್ರೂ ಬಿಚ್ಚುವ ಮೊದಲು, ಈ ಪೆಟ್ಟಿಗೆಯನ್ನು ದಿನಾ ಕೇಳುವವರು ಯಾರೆಂದು ವಿಚಾರಿಸುತ್ತೇನೆ. ನುಡಿಸುವವರಿಗೆ ಗೊತ್ತಾಗದ ಎಷ್ಟೋ ಸಂಗತಿ ಅವರಿಗೆ ಗೊತ್ತಿರುತ್ತದೆ.

ಮುಂದಿನ ವರ್ಷ ಅಜ್ಜಂಪುರದ ಕಡೆಯವರು ನಾಟಕ ಕಲಿಸಲು ಕರೆಯಬಂದು, ಎಲೆ ಅಡಿಕೆ ತಟ್ಟೆಯನ್ನು ಮಾಸ್ತರ ಮುಂದೆ ಹಿಡಿದರು.

"ಅವಳನ್ನ ಕೇಳಿ. ಗಾಳಿ ಅವಳ್ದು," ಎಂದರು ಮಾಸ್ತರು.

ಗೌರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ತಟ್ಟೆ ತೆಗೆದುಕೊಂಡರು.