ಅಪ್ಪ ಬಾರದ ತೊಟ್ಟಿಲುಗಳಿಗೆ ಅತ್ತಿ

೧೯೪೨ರ ಚಳಿಗಾಲದ ಒಂದು ಮಧ್ಯಾಹ್ನ, ವಿಜಾಪುರದ ಬಜಾರಿನ ಹಿಂದಿನ ಓಣಿಯಲ್ಲಿ ಒಂದು ಹೆಣ್ಣುಮಗುವನ್ನು ತೊಟ್ಟಿಲಿಗೆ ಹಾಕಲಾಯಿತು. ತಾಯಿ ಹೊನವಾಡದ ವಿಧವೆ. ಗಂಡ ತೀರಿ ಮೂರು ವರ್ಷವಾಗಿತ್ತು. ಹೆಸರು ಹೇಳಲು ತೊಟ್ಟಿಲಿಗೆ ಬಗ್ಗಿದ ಹೆಂಗಸಿನ ಬೆನ್ನು ಬಾಗಿಲಿನಷ್ಟು ಅಗಲ. ಓಣಿಯ ಹೆಂಗಸರು ಪದ್ಧತಿಯಂತೆ ಆ ಬೆನ್ನಿಗೆ ಗುದ್ದುತ್ತಿದ್ದರು.

ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿ, ಗುದ್ದು ತಿನ್ನುವವಳು ಸೋದರತ್ತೆ, ಅಪ್ಪನ ಅಕ್ಕ ಇಲ್ಲವೇ ತಂಗಿ. ಅಪ್ಪನೇ ಮುಂದೆ ಬಾರದ ಮಗುವಿಗೆ ಅತ್ತೆ ಎಲ್ಲಿಂದ ಬರಬೇಕು? ತೊಟ್ಟಿಲಿಗೆ ಬಗ್ಗಿದ್ದ ಆ ಹೆಂಗಸು ತಮ್ಮ ಮನೆಯಲ್ಲಿ ಹುಟ್ಟಿದ ಅಂಥ ಪ್ರತಿ ಮಗುವಿಗೂ ತಾವೇ ಅತ್ತೆಯಾಗಿ ಕೂತರು. ಹೀಗಾಗಿ ಓಣಿಗೆಲ್ಲ ಅವರು ‘ಅತ್ತಿ’. ನಾನೂ ಹಾಗೆಯೇ ಕರೆಯುತ್ತಿದ್ದೆ.

ಬಬಲೇಶ್ವರದಲ್ಲಿ ಹುಟ್ಟಿ, ವಿಜಾಪುರದ ಜೋಳದ ವ್ಯಾಪಾರಿಯ ಸೊಸೆಯಾಗಿ ಬಂದು, ಬೇಗನೆ ಗಂಡನನ್ನು ಕಳೆದುಕೊಂಡವರು ಅವರು. ನಿಡೋಣಿಯಲ್ಲಿದ್ದ ಅವರ ತಂಗಿಯ ಮಗಳು ಮದುವೆಗೆ ಮುಂಚೆ ಬಸುರಾದಳು. ಆಗ ಅಂಥವರನ್ನು ಪಂಢರಪುರದ ಕಡೆ ಕಳಿಸುತ್ತಿದ್ದರು. ಅಲ್ಲೇ ಹೆತ್ತು, ಅಲ್ಲೇ ಬಿಟ್ಟು, ಯಾತ್ರೆ ಮುಗಿಸಿದವರಂತೆ ತಿರುಗಿ ಬರಬೇಕು. ಆ ಹುಡುಗಿಯೂ ಹಾಗೆ ಹೋಗಿ ಬಂದಳು. ಮರುವರ್ಷ ಬಾವಿಗೆ ಹಾರಿದಳು. ಮಣ್ಣು ಮಾಡಿ ಬಂದ ವಾರದೊಳಗೆ ಅತ್ತಿ ತಮ್ಮ ಮನೆಯ ಮೂರು ಕೋಣೆಗಳನ್ನು ಅಂಥ ಬಸುರಿಯರಿಗೆ ಬಿಟ್ಟುಕೊಟ್ಟರು.

ಮೊದಮೊದಲು ಎಲ್ಲರೂ ಹಿತ್ತಲ ಬಾಗಿಲಿನಿಂದ ಬಂದರು. ಅತ್ತಿ ಗೌಂಡಿಯನ್ನು ಕರೆಸಿ ಆ ಬಾಗಿಲಿಗೆ ಕಲ್ಲು ಕಟ್ಟಿಸಿದರು. ಗೌಂಡಿ ಗಾಬರಿಯಾಗಿ ಕೇಳಿದ: “ಯವ್ವಾ, ಇದನ್ನ ಮುಚ್ಚಿದ್ರ ಮರ್ಯಾದಸ್ತರ ಮನಿ ಹೆಣ್ಮಕ್ಕಳು ಹೆಂಗ ಬರ್ತಾರ್ರಿ?”

“ಹೆಂಗ ಅಂದ್ರ? ಕಾಲಿಲೆ ಬರ್ತಾರ. ಕದ್ದು ಬಂದಾಕಿನ್ನ ಕದ್ದು ಒಯ್ಯೂದು ಭಾಳ ಸಸಾರ. ಮುಂದಿನ ಬಾಗಿಲಿಂದ ಬಂದ್ರ ಓಣಿ ನೋಡಿರ್ತೈತಿ.”

ಅಂದಿನಿಂದ ಟಿಕೋಟಾದವರಿರಲಿ, ಇಟ್ಟಂಗಿಹಾಳದವರಿರಲಿ, ಎದುರಿನ ಕಟ್ಟೆಯ ಮೇಲೆ ಕೂತ ಗಂಡಸರ ಮುಂದೆಯೇ ಟಾಂಗಾ ಇಳಿಯಬೇಕಾಯಿತು. ಯಾರಾದರೂ ಕೆಮ್ಮಿದರೆ ಅತ್ತಿ ಬಾಗಿಲಿಗೆ ಬಂದು, “ಕೆಮ್ಮಿಗೆ ಕಷಾಯ ಕೊಡ್ಲ್ಯಾ?” ಎಂದು ಕೇಳುತ್ತಿದ್ದರು.

ನಾನು ಕೆಲಸ ಮಾಡುತ್ತಿದ್ದ ವಾರಪತ್ರಿಕೆ ಒಮ್ಮೆ ಆ ಮನೆಯನ್ನು ‘ಪತಿತೆಯರ ಆಶ್ರಯ’ ಎಂದು ಬರೆಯಿತು. ಮರುದಿನ ಅತ್ತಿ ಪತ್ರಿಕೆ ಮಡಚಿ ಹಿಡಿದುಕೊಂಡು ಛಾಪಖಾನೆಗೇ ಬಂದರು. ಸಂಪಾದಕರು ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಬಿದ್ದಾಕಿ ಅಂತ ಬರದೀರಿ. ದೂಡಿದಾಂವ ಎಲ್ಲಿ ಅದಾನ್ರಿ ನಿಮ್ಮ ಸುದ್ದಿಯಾಗ? ಅರ್ಧಾ ಗೊತ್ತಿದ್ರ ಅರ್ಧಾ ಬರದೀವಿ ಅಂತರೆ ಹೇಳ್ರಿ.”

ಸಂಪಾದಕರು ಆ ಶಬ್ದವನ್ನು ಮತ್ತೆ ಅಚ್ಚಿಗೆ ಕಳಿಸಲಿಲ್ಲ. ಯಾವುದೇ ಸುದ್ದಿ ಬರೆದು ಮುಗಿಸಿದಾಗ, ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳಿಕೊಳ್ಳುವುದನ್ನು ನಾನು ಕಲಿತದ್ದು ಆ ದಿನ.

ಹೊನವಾಡದ ಮಗುವಿನ ತೊಟ್ಟಿಲಿಗೆ ಅತ್ತಿ ನನ್ನನ್ನೂ ಕರೆದಿದ್ದರು. ಬೇಯಿಸಿದ ಕಾಳಿನ ಗುಗ್ಗರಿ ಹಂಚುವ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ನಿಂತರು. ಒಬ್ಬರು ಆ ಊರಿನ ಹಿರಿಯರು. ಇನ್ನೊಬ್ಬ ಬಾಣಂತಿಯ ಮೈದುನ, ಸತ್ತ ಗಂಡನ ತಮ್ಮ. ಮಗುವಿನ ಅಪ್ಪ ಅವನೇ ಎಂದು ಬಾಣಂತಿ ಅತ್ತಿಗೆ ಹೇಳಿದ್ದಳು. ಹಿರಿಯರಿಗೆ ಅದು ಗೊತ್ತಿರಲಿಲ್ಲ.

“ಆಗಿದ್ದು ಆಗೇತಿ, ಯವ್ವಾ,” ಎಂದರು ಹಿರಿಯರು. “ಕೂಸು ಇಲ್ಲೇ ಇರ್ಲಿ. ಹುಡುಗಿನ್ನ ಕಳಸ್ರಿ, ಮನಿಯಾಗ ಯಾರೂ ಏನೂ ಅನ್ನಂಗಿಲ್ಲ. ಕೂಸು ತಂದ್ರ ಮಾತ್ರ ಹೊಲದಾಗ ಪಾಲೂ ಇಲ್ಲ, ಊರಾಗ ಜಾಗಾನೂ ಇಲ್ಲ.”

ಮೈದುನನಿಗೆ ಧೈರ್ಯ ಬಂತು. “ಅಲ್ರೀ, ನೀವು ಯಾವ ಸಂಬಂಧದ್ಲೆ ಅತ್ತಿ ಆದ್ರಿ?”

ಅತ್ತಿ ಸೆರಗಿಗೆ ಕೈ ಒರೆಸಿಕೊಂಡರು. “ಅತ್ತಿ ಅಂದ್ರ ಅಪ್ಪನ ಅಕ್ಕ. ಹೆಸರು ಹೇಳೀನಿ, ಗುದ್ದೂ ತಿಂದೀನಿ. ಅಂದಮ್ಯಾಲ ನಾ ನಿನಗ ಅಕ್ಕ ಆದ್ನೆಪಾ. ಬಾ, ಕೂಡು. ಮಗಳ ಮಾರಿ ನೋಡು.”

ಪಕ್ಕದ ಮನೆಯಾಕೆ ಕೂಗಿದಳು: “ಏ, ಅಕ್ಕಗ ಸೀರಿ ತಂದಾನೋ ಬರೇ ಕೈಲೆ ಬಂದಾನೋ ಕೇಳ್ರಿ ಬೇ!” ಹೆಂಗಸರು ಗೊಳ್ಳೆಂದು ನಕ್ಕರು.

ಹಿರಿಯರು ಪಕ್ಕಕ್ಕೆ ತಿರುಗಿದರು. “ಏನಲೇ ಇದು?”

ಮೈದುನ ನೆಲ ನೋಡುತ್ತಿದ್ದ. ಒಳಗಿನಿಂದ ಬಾಣಂತಿಯ ಧ್ವನಿ ಬಂತು: “ಕೂಸು ಬಿಟ್ಟು ನಾ ಬರಂಗಿಲ್ಲರಿ. ಬಂದ್ರ ಇಬ್ರೂ ಬರ್ತೇವಿ. ಎಲ್ಲಾರೂ ನೋಡೂ ಹಂಗ ಬರ್ತೇವಿ.”

ಗುಗ್ಗರಿ ತೆಗೆದುಕೊಂಡರೆ ಹೆಸರಿಟ್ಟದ್ದನ್ನು ಒಪ್ಪಿದಂತೆ. ಹಿರಿಯರು ಹೆಗಲ ಮೇಲಿನ ವಲ್ಲಿ ತೆಗೆದು ಗುಗ್ಗರಿಗೆಂದು ಅತ್ತಿಯ ಮುಂದೆ ಒಡ್ಡಿದರು. ಮೈದುನ ಅಷ್ಟರಲ್ಲಿ ಹೊರಗೆ ಹೋಗಿದ್ದ.

ಪಾಲಿನ ಮಾತು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಪಂಚರು ಸೇರಿದಾಗಲೆಲ್ಲ ಅತ್ತಿ ಹೊನವಾಡಕ್ಕೆ ಹೋಗಿ ಚಾವಡಿಯ ಕಟ್ಟೆಯ ಮೇಲೆ ಕೂತರು. ಹೆಂಗಸರು ಅಲ್ಲಿ ಕೂರುವುದಿಲ್ಲ ಎಂದು ಒಬ್ಬರು ಹೇಳಿದರು. “ಇವತ್ತ ಕೂತೀನಲ್ಲ,” ಎಂದರು ಅತ್ತಿ. ಎರಡನೆಯ ಸುಗ್ಗಿಯ ಹೊತ್ತಿಗೆ ಪಂಚರು ಸತ್ತವನ ಪಾಲನ್ನು ಅವನ ಹೆಂಡತಿಗೆ ಬಿಟ್ಟುಕೊಟ್ಟರು.

ಸ್ವಾತಂತ್ರ್ಯ ಬಂದ ಮರುವರ್ಷ ಅತ್ತಿ ಜ್ವರದಿಂದ ತೀರಿಕೊಂಡರು. ಮನೆಯನ್ನು ಈಗ ಊರಿನ ಕೆಲವರು ಸಂಸ್ಥೆ ಮಾಡಿಕೊಂಡು ನಡೆಸುತ್ತಿದ್ದಾರೆ. ಬಸುರಿಯರು ಬರುತ್ತಿದ್ದಾರೆ. ಹೊನವಾಡದ ತಾಯಿ ತನ್ನ ಹೊಲದಲ್ಲಿ ಜೋಳ ಬಿತ್ತುತ್ತಾಳೆ. ಮಗಳು ಊರ ಶಾಲೆಗೆ ಹೋಗುತ್ತಾಳೆ. ಅವರ ಪಕ್ಕದ ಮನೆ ಮೈದುನನದೇ; ಅವಳು ದಿನಾ ಅವನ ಬಾಗಿಲ ಮುಂದೆಯೇ ಹಾದುಹೋಗುತ್ತಾಳೆ.