ನಾಳೆ ಮಾಸ್ಟರ ಒಂದು ಇವತ್ತು

ಗಂಟಲಿಗೆ ಇಳಿಸಿದ್ದ ಹತ್ತಿಕಡ್ಡಿಯನ್ನು ದರ್ಜಿ 'ನಾಳೆ' ಮಾಸ್ಟರು ಕಟಕ್ಕನೆ ಕಚ್ಚಿಬಿಟ್ಟರು.

"ಬಿಡಿ ಮಾಸ್ಟ್ರೇ, ಅದು ದಾರ ಅಲ್ಲ," ಎಂದರು ನರ್ಸ್.

ಶಾಲೆಯ ಅಂಗಳದಲ್ಲಿ ಸೋಂಕಿನ ಪರೀಕ್ಷೆಗೆಂದು ದೂರದೂರ ನಿಂತಿದ್ದ ಬೀದಿಯವರೆಲ್ಲ ಮಾಸ್ಕಿನೊಳಗೇ ನಕ್ಕರು. ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆದರೂ ಯಾರು ಎಷ್ಟು ಅಗಲ ನಕ್ಕರೆಂಬುದು ಮಾಸ್ಟರಿಗೆ ತಿಳಿಯಿತು. ಆ ಮಾಸ್ಕುಗಳನ್ನು ಹೊಲಿದವರು ಅವರೇ ತಾನೆ. ಯಾವ ಕೆನ್ನೆಗೆ ಎಷ್ಟು ಬಟ್ಟೆ ಬಿಟ್ಟಿದ್ದೇನೆಂದು ಅವರಿಗೆ ಗೊತ್ತಿರದೆ ಇನ್ನಾರಿಗೆ?

ತಪ್ಪು ಅಭ್ಯಾಸದ್ದು. ದರ್ಜಿಗೆ ಬಾಯಿಯೇ ಮೂರನೇ ಕೈ. ಗುಂಡುಸೂಜಿ ಹಿಡಿಯುವುದು ತುಟಿ, ದಾರದ ತುದಿ ನೆನೆಸುವುದು ನಾಲಿಗೆ, ಹೊಲಿಗೆ ಮುಗಿದಾಗ ದಾರ ಕಡಿಯುವುದು ಹಲ್ಲು. ಕತ್ತರಿ ಇರಲಿಲ್ಲವೆಂದಲ್ಲ, ಬಟ್ಟೆಯ ರಾಶಿಯಡಿ ಅದನ್ನು ಹುಡುಕುವಷ್ಟರಲ್ಲಿ ಹಲ್ಲು ತನ್ನ ಕೆಲಸ ಮುಗಿಸಿರುತ್ತಿತ್ತು. ಹೀಗಾಗಿ ಬೀದಿಯ ಮೂಗಿಗೆಲ್ಲ ಬಟ್ಟೆ ಹೊದಿಸಿದ ಮನುಷ್ಯನ ಮೂಗು ಮಾತ್ರ ಬಟ್ಟಬಯಲು. ಯಾರಾದರೂ ಆಕ್ಷೇಪಿಸಿದರೆ, "ಬಾಯ್ತುಂಬ ಸೂಜಿ ಇಟ್ಕೊಂಡು ಮಾಸ್ಕ್ ಎಲ್ಲಿಗ್ರೀ ಹಾಕ್ಕೊಳ್ಲಿ, ಹಣೆಗಾ?" ಎನ್ನುತ್ತಿದ್ದರು.

'ನಾಳೆ' ಎಂಬುದು ಬೀದಿ ಕೊಟ್ಟ ಬಿರುದು. ಸೂಟಿಗೆ ಅಳತೆ ಕೊಟ್ಟವರಿಗೂ ಗುಂಡಿ ಹಾಕಿಸಲು ಬಂದವರಿಗೂ ಮಾಸ್ಟರದು ಒಂದೇ ಉತ್ತರ: "ನಾಳೆ ಬನ್ನಿ." ಮದುವೆ ಗಂಡೊಬ್ಬ ಹಳೇ ಕೋಟಿನಲ್ಲೇ ಮದುವೆಯಾಗಿ, ಹೊಸ ಕೋಟನ್ನು ಮಗನ ಹುಟ್ಟುಹಬ್ಬಕ್ಕೆ ತೊಟ್ಟನೆಂದು ಬೀದಿಯಲ್ಲಿ ಕಥೆಯೇ ಇತ್ತು.

ನರ್ಸ್ ಹೊಸ ಕಡ್ಡಿ ತೆಗೆದು, ಈ ಸಲ ಮಾಸ್ಟರ ಗದ್ದ ಹಿಡಿದುಕೊಂಡೇ ಕೆಲಸ ಮುಗಿಸಿದರು. "ರಿಪೋರ್ಟ್ ನಾಳೆ ಬರುತ್ತೆ. ಅಲ್ಲೀವರೆಗೂ ಯಾರ ಹತ್ರಾನೂ ಹೋಗ್ಬೇಡಿ."

"ನಾಳೆ ಅಂದ್ರೆ ನಾಳೇನೇನಾ?" ಮಾಸ್ಟರು ಸ್ವಂತ ಅನುಭವದಿಂದ ಕೇಳಿದರು.

"ನಿಮ್ಮ ನಾಳೆ ಅಲ್ಲ. ನಮ್ಮ ನಾಳೆ."

ಸಂಜೆ ಅಂಗಡಿಯ ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಅಕ್ಕ ಒಳಗೆ ಬಂದಳು. ಹಿಂದಿನ ಓಣಿಯಲ್ಲಿ ಮಗಳೊಂದಿಗೆ ಇದ್ದ ಅಕ್ಕ, ಮಾಸ್ಟರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

"ನೋಡೋ ನಿನ್ನ ಕೆಲಸಾನ. ಈ ಮಾಸ್ಕು ಮೂಗಿನ ಮೇಲಿಟ್ರೆ ಗದ್ದಕ್ಕೆ ಜಾರುತ್ತೆ. ಬೆಳಿಗ್ಗೆ ಸಕ್ಕರೆ ಕಾಯಿಲೆ ಮಾತ್ರೆಗೆ ಆಸ್ಪತ್ರೆ ಸಾಲಲ್ಲಿ ನಿಲ್ಬೇಕು ನಾನು. ನಾಳೆ ಅಂದ್ಯೋ, ಕಿವಿ ಹಿಂಡಿಬಿಡ್ತೀನಿ."

ನರ್ಸ್ ಹೇಳಿದ್ದು ಮಾಸ್ಟರಿಗೆ ನೆನಪಿಗೆ ಬರದೆ ಇರಲಿಲ್ಲ. ಬಂತು. ಆದರೆ ಯಾರ ಹತ್ತಿರವೂ ಎಂದರೆ ಹೊರಗಿನವರು; ಅಕ್ಕ ಯಾರೋ ಹೇಗಾದಾಳು? ಕೆಮ್ಮಿಲ್ಲ, ಜ್ವರವಿಲ್ಲ, ಮೈಯಲ್ಲಿ ಏನೂ ಇಲ್ಲ. ತುಟಿಯ ನಡುವೆ ಸೂಜಿ ಹಿಡಿದು ಅಕ್ಕನ ಮುಖಕ್ಕೆ ಮುಖ ಕೊಟ್ಟು ನಿಂತರು. ಎಲಾಸ್ಟಿಕ್ಕನ್ನು ಎಳೆದು ಅಳತೆ ನೋಡಿದರು, ಬಿಚ್ಚಿದರು, ಮತ್ತೆ ನೋಡಿದರು. ಕೊನೆಗೆ ಅವಳ ಕಿವಿಯ ಪಕ್ಕದಲ್ಲೇ ನಾಲ್ಕು ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದರು.

"ಮನಸ್ಸು ಮಾಡಿದ್ರೆ ನಿಂಗೂ ಇವತ್ತು ಅನ್ನೋದಿದೆ ಕಣೋ," ಎಂದು ಅಕ್ಕ ಮೆಚ್ಚಿ ಹೋದಳು.

ನರ್ಸಿನ ನಾಳೆ ಹೇಳಿದಂತೆ ನಾಳೆಯೇ ಬಂತು. ಮಾಸ್ಟರಿಗೆ ಸೋಂಕಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ಒಬ್ಬರೇ ಉಳಿದರು. ಒಮ್ಮೆ ಸೀನಲೂ ಇಲ್ಲ. ಅದೇ ವಾರದ ಕೊನೆಗೆ ಅಕ್ಕ ಆಸ್ಪತ್ರೆಗೆ ಸೇರಿದಳು, ಮರಳಿ ಬರಲಿಲ್ಲ. ಹೆಣದ ಮುಖ ನೋಡಲು ಯಾರನ್ನೂ ಬಿಡುತ್ತಿರಲಿಲ್ಲ; ಮಾಸ್ಟರನ್ನಂತೂ ಕೋಣೆಯಿಂದ ಹೊರಗೇ ಬಿಡುವಂತಿರಲಿಲ್ಲ. ಅಕ್ಕನ ಮಗಳು ಫೋನಿನಲ್ಲಿ ಅತ್ತಳು. "ಆಂಬ್ಯುಲೆನ್ಸ್ ಹತ್ತೋವಾಗ್ಲೂ ಮಾಸ್ಕ್ ಸರಿಯಾಗಿತ್ತು ಮಾವ. ನೀನು ಬಿಗಿ ಮಾಡಿಕೊಟ್ಟಿದ್ದು, ಒಂದ್ಚೂರೂ ಜಾರ್ಲಿಲ್ಲ."

ಸಮಾಧಾನಕ್ಕೆಂದು ಆಡಿದ ಮಾತು ಕೇಳಿ, ಮಾಸ್ಟರು ತುಟಿಯ ನಡುವಿನ ಸೂಜಿಯನ್ನು ತೆಗೆದು ಡಬ್ಬಿಗೆ ಹಾಕಿದರು.

ಆಸ್ಪತ್ರೆ ಸಾಲಿನಲ್ಲೇ ತಗುಲಿರಬಹುದು ಎಂದರು ಡಾಕ್ಟರು. ಯಾರಿಂದ ಯಾರಿಗೆ ಎಂದು ಹೇಳಲಾಗದು ಎಂದರು ನರ್ಸ್. ಮಾಸ್ಟರು ಇಬ್ಬರಿಗೂ ತಲೆಯಾಡಿಸಿದರು, ಇಬ್ಬರನ್ನೂ ನಂಬಲಿಲ್ಲ. ಲೋಕಕ್ಕೆಲ್ಲ ನಾಳೆ ಎಂದು ಬೈಸಿಕೊಂಡ ಬಾಯಿ, ಅನ್ನಲೇಬೇಕಾದ ಒಂದು ಸಂಜೆ ಆ ಮಾತು ಅನ್ನಲಿಲ್ಲ. ಎಂದಿದ್ದರೆ ಅಕ್ಕ ಕಿವಿ ಹಿಂಡುತ್ತಿದ್ದಳು, ಅಷ್ಟೇ. ಆ ಕಿವಿಯನ್ನು ಅವರು ಕೆಲಸದ ನಡುವೆ ಸುಮ್ಮನೆ ಮುಟ್ಟಿಕೊಳ್ಳುವುದುಂಟು.

ವರ್ಷಗಳು ಉರುಳಿ ಎಲ್ಲರ ಮೂಗೂ ಮತ್ತೆ ಹೊರಬಂತು. ಮಾಸ್ಟರು ಮಾತ್ರ ಮಾಸ್ಕು ಹಾಕಿಕೊಂಡೇ ಹೊಲಿಯುತ್ತಾರೆ. ಗುಂಡುಸೂಜಿಗಳು ತೋಳಿನ ಪಟ್ಟಿಗೆ ಬಂದಿವೆ. ಕೊರಳಲ್ಲಿ ಟೇಪಿನ ಜೊತೆ ಸಣ್ಣ ಕತ್ತರಿಯೊಂದು ನೇತಾಡುತ್ತದೆ.

ಮೊನ್ನೆ ಅಕ್ಕನ ಮಗಳು ಹೊಸ ಕೆಲಸಕ್ಕೆಂದು ಕೊಂಡ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದು ಸ್ಟೂಲಿನ ಮೇಲೆ ಕೂತಳು. ಬಹಳ ಹೊತ್ತು ಮಾವನ ಕೈಯನ್ನೇ ನೋಡಿದಳು.

"ಮಾವ, ಅಮ್ಮ ಹೋದ್ಮೇಲೆ ನೀನು ಹಲ್ಲಲ್ಲಿ ದಾರ ಕಚ್ಚಿದ್ದು ನಾನು ನೋಡೇ ಇಲ್ಲ. ಅಮ್ಮಂಗೆ ನಿನ್ನಿಂದ್ಲೇ ಬಂತು ಅಂದ್ಕೊಂಡಿದೀಯಾ?"

ಮೆಷಿನ್ನು ನಿಂತಿತು. ಈ ಪ್ರಶ್ನೆಗೆಂದು ಇಷ್ಟು ವರ್ಷ ಒಳಗೇ ಹೊಲಿದು, ಬಿಚ್ಚಿ, ಮತ್ತೆ ಹೊಲಿದಿಟ್ಟ ಉತ್ತರ ಬಾಯಿಯವರೆಗೂ ಬಂದಿತ್ತು. ಮಾಸ್ಟರು ಕೊರಳ ಕತ್ತರಿ ಹಿಡಿದು ದಾರ ಕತ್ತರಿಸಿದರು.

"ಮುಂದಿನ ಹಲ್ಲು ಅಲ್ಲಾಡುತ್ತೆ ಕಣೆ, ಅದಕ್ಕೆ," ಎಂದರು. "ಇನ್ನೊಂದು ತೋಳು ನಾಳೆ."